ನಮ್ಮ ಒಗ್ಗರಣೆ ಸಾಫ್ಟ್‌ವೇರಿಗೆ ಬಂದ ಹೊಸ ಯಜಮಾನರು

ನಮ್ಮ ಅಂಗಡಿಯಲ್ಲಿ ಒಂದು ದಿನ ಏನೂ ಎಡವಟ್ಟಾಗದೆ ಕಳೆದುಹೋದರೆ ನನಗೇ ಅನುಮಾನ ಬರುತ್ತೆ, ಇವತ್ತು ಬಾಗಿಲು ತೆಗೆದಿದ್ದೆನೋ ಇಲ್ವೋ ಅಂತ.

ಅಂಗಡಿ ಅಂದ್ರೆ ದೊಡ್ಡದೇನಲ್ಲ. ಕಡೂರಲ್ಲಿ ನಮ್ಮ ಮನೆಯ ಮುಂದಿನ ಕೋಣೆ, ಸದ್ದು ಎದುರು ಹೊಡೀಬಾರದು ಅಂತ ಗೋಡೆಗೆಲ್ಲ ಹಳೇ ಕಂಬಳಿ, ಒಂದು ಮೈಕು, ಒಂದು ಮುದಿ ಕಂಪ್ಯೂಟರು. ಆಟೋ ಮೇಲೆ ಹಾರ್ನ್ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಾರಲ್ಲ, ‘ಇಂದೇ ಭೇಟಿ ಕೊಡಿ, ಮರೆಯದಿರಿ’ ಅಂತ, ಆ ದನಿ ನಂದು. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆ ಸೀರೆ ಅಂಗಡಿಯಿಂದ ಹಿಡಿದು ಮೋಟಾರ್ ರಿಪೇರಿಯವರೆಗೆ ಜನರನ್ನ ಕರೆಯೋಳು ನಾನೇ. ಮುಖ ಯಾರಿಗೂ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು. ತರಕಾರಿ ಕೊಳ್ಳುವಾಗ ನಾನು ಬಾಯಿ ಬಿಟ್ಟರೆ ಅಂಗಡಿಯವನು ರಸ್ತೆ ಕಡೆ ತಿರುಗಿ ಆಟೋ ಹುಡುಕ್ತಾನೆ.

ಈ ಬಾಳಿಗೆಲ್ಲ ಆಧಾರ ಒಂದು ಸಾಫ್ಟ್‌ವೇರು. ದನಿ ಕತ್ತರಿಸೋದು, ಅಂಟಿಸೋದು, ಹಿಂದೆ ಬೊಗಳಿದ ನಾಯಿಯನ್ನ ಓಡಿಸೋದು ಎಲ್ಲ ಅದರಲ್ಲೇ. ಓಪನ್ ಸೋರ್ಸ್ ಅಂತಾರೆ. ಅಂದ್ರೆ ನಾನಾ ದೇಶದ ಜನ ಬಿಡುವಾದಾಗ ಕೂತು ಬರೆದದ್ದು. ಯಾರು ಬೇಕಾದರೂ ಬಳಸಬಹುದು, ಒಳಗೆ ತೆರೆದು ನೋಡಬಹುದು, ತಿದ್ದಬಹುದು, ಕೇಳೋರಿಲ್ಲ. ಅದನ್ನ ನೋಡ್ಕೊಳ್ತಿದ್ದದ್ದು ಒಂದು ಪುಟ್ಟ ಆಡಿಯೋ ಕಂಪನಿ. ಆ ಪುಟ್ಟ ಕಂಪನಿಯನ್ನ ಒಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಆಗ ನಾವು ಪಟ್ಟ ಪಜೀತಿ ಅಷ್ಟಿಷ್ಟಲ್ಲ.

ಒಗ್ಗರಣೆ ಬಂದದ್ದು

ಮೊದಲು ನಮ್ಮತ್ತೆ ವಿಷಯ ಹೇಳ್ಬೇಕು, ಯಾಕಂದ್ರೆ ಈ ಕಥೆಯಲ್ಲಿ ಕಳ್ಕೊಳ್ಳೋದು ಏನಾದ್ರೂ ಇದ್ದರೆ ಅದು ಅವರದ್ದು.

ಕೆಲಸ ಜಾಸ್ತಿಯಾಗಿ ನಾನು ಒಬ್ಬಳೇ ಒದ್ದಾಡ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತ್ರು. ಸೊಪ್ಪು ಸೋಸೋ ಕೈಗೆ ಇದೇನು ಮಹಾ, ಬೇಡದ್ದು ತೆಗೆಯೋದು ತಾನೇ ಅಂದ್ರು. ಅವರಿಗೆ ಇಂಗ್ಲಿಷ್ ಬಾರದು. ಸಾಫ್ಟ್‌ವೇರಲ್ಲಿದ್ದ ಮಾತನ್ನೆಲ್ಲ ಕನ್ನಡ ಮಾಡೋಕೆ ಅವಕಾಶ ಇತ್ತು, ಯಾರು ಬೇಕಾದರೂ ಮಾಡಬಹುದಿತ್ತು. ತರೀಕೆರೆಯಲ್ಲಿ ನನಗೆ ಪಾಠ ಹೇಳಿದ್ದ ಕನ್ನಡ ಮೇಷ್ಟ್ರು ಇದ್ದಾರೆ, ರಿಟೈರಾಗಿ ಕೂತಿದ್ರು. ಅವರ ಸಹಾಯ ಕೇಳಿದೆ. ಮೇಷ್ಟ್ರು ಸಂತೋಷವಾಗಿ ‘ಅನಪೇಕ್ಷಿತ ಧ್ವನಿ ನಿವಾರಣಾ ಪ್ರಕ್ರಿಯೆ’ ಅಂತ ಶುರು ಮಾಡಿದ್ರು. ಅದನ್ನ ಓದಿ ಮುಗಿಸೋ ಹೊತ್ತಿಗೆ ಗಿರಾಕಿ ಎದ್ದು ಬೀರೂರು ಮುಟ್ಟಿರ್ತಾನೆ ಅಂದ್ರು ಅತ್ತೆ. ‘ಗಲಾಟೆ ತೆಗಿ’ ಅಂತ ಹಾಕಿಸಿದ್ರು.

ಹೀಗೇ ಒಂದೊಂದಕ್ಕೂ ಅತ್ತೆ ಮಾತೇ ನಿಂತಿತು. ದನಿಯನ್ನ ಸಮ ಮಾಡೋದು ‘ಹದ ಮಾಡು’. ಕೊನೆಯಲ್ಲಿ ಮೆಲ್ಲಗೆ ಇಳಿಸೋದು ‘ಉರಿ ಸಣ್ಣ ಮಾಡು’. ಮಾಡಿದ್ದನ್ನ ವಾಪಸು ತಗೊಳ್ಳೋದು ‘ತಪ್ಪಾಯ್ತು’. ದನಿಗೆ ಮಾಡೋ ಅಲಂಕಾರಗಳೆಲ್ಲ ಇರೋ ಪಟ್ಟಿಗೆ ಮೇಷ್ಟ್ರು ‘ಪರಿಣಾಮಗಳು’ ಅಂದ್ರು, ಅತ್ತೆ ‘ಒಗ್ಗರಣೆ’ ಅಂದ್ರು. ಮೇಷ್ಟ್ರು ಒಂದು ವಾರ ಫೋನ್ ಎತ್ತಲಿಲ್ಲ. ಪದ ಕೊಟ್ಟವರ ಹೆಸರು ಅಂತ ಕೇಳಿದ ಕಡೆ ನಾನು ಅತ್ತೆ ಹೆಸರನ್ನೇ ಹಾಕಿದೆ. ಆಮೇಲೆ ಅತ್ತೆ ಕನ್ನಡದಲ್ಲಿ ಓದ್ಕೊಂಡು ನನಗಿಂತ ಚುರುಕಾಗಿ ಕೆಲಸ ಮಾಡೋಕೆ ಶುರು ಮಾಡಿದ್ರು. ಅವರ ಮುಖದಲ್ಲಿ ಬಂದ ಕಳೆ ನೋಡಿ ನನಗೂ ಖುಷಿಯಾಗಿತ್ತು.

ಮೇಷ್ಟ್ರ ಕೋಪ ಇಳಿದದ್ದು ಅವರು ಸನ್ಮಾನ ಸಮಾರಂಭಕ್ಕೆ ಅಂತ ತಮ್ಮ ಭಾಷಣ ರೆಕಾರ್ಡ್ ಮಾಡ್ಸೋಕೆ ಬಂದಾಗ. ಎಲ್ಲ ಮುಗಿದ ಮೇಲೆ ಅತ್ತೆ ಹತ್ತಿರ ಬಗ್ಗಿ, ಗುಟ್ಟಾಗಿ ಹೇಳಿದ್ರು.

“ಒಗ್ಗರಣೆ ಸ್ವಲ್ಪ ಕಮ್ಮಿ ಹಾಕಿ ತಾಯಿ. ಸಭೆಗೆ ಬರೋರೆಲ್ಲ ನನ್ನ ವಯಸ್ಸಿನೋರು, ಬೀಪಿ ಇದೆ.”

ಪಿಸುಮಾತಿನ ಪ್ರಚಾರ

ಮಾರಾಟದ ಸುದ್ದಿ ತಂದದ್ದು ಅಜ್ಜಂಪುರದ ಮೈಕ್‌ಸೆಟ್ ಅಂಗಡಿಯವನು. ಅವನೂ ಅದೇ ಸಾಫ್ಟ್‌ವೇರ್ ಬಳಸೋನು. ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿ, ಅಕ್ಕಾ, ನಮ್ಮದನ್ನ ಮಾರಿಬಿಟ್ರಂತೆ ಅಂದ. ದನಿ ಕೇಳಿದ್ರೆ ಅವನ ಮನೆಯನ್ನೇ ಯಾರೋ ಮಾರಿದ ಹಾಗಿತ್ತು.

ಅದರ ಜೊತೆ ಇನ್ನೊಂದು ಸುದ್ದಿ. ಹೊಸ ಕಂಪನಿಯವರು ನಾವು ಯಾವ ಬಟನ್ ಎಷ್ಟು ಸಲ ಒತ್ತುತ್ತೀವಿ ಅಂತ ತಿಳ್ಕೊಳ್ತಾರಂತೆ. ಬೇಡ ಅಂದ್ರೆ ಬಿಡ್ತಾರೆ ಅಂತಾನೂ ಬರೆದಿತ್ತು, ಆದ್ರೆ ಅಷ್ಟು ದೂರ ಓದೋರು ಯಾರು. ಅಜ್ಜಂಪುರಕ್ಕೆ ಅದು ಮುಟ್ಟೋ ಹೊತ್ತಿಗೆ ಕಂಪ್ಯೂಟರು ನಾವಾಡೋ ಮಾತೆಲ್ಲ ಕೇಳಿಸ್ಕೊಂಡು ವಿದೇಶಕ್ಕೆ ಚಾಡಿ ಹೇಳುತ್ತೆ ಅಂತ ಆಗಿತ್ತು. ನಾನು ಎಷ್ಟು ಹೇಳಿದ್ರೂ ಅವನು ನಂಬಲಿಲ್ಲ. ಕಂಪ್ಯೂಟರ್ ಮೇಲೆ ಜಮಖಾನ ಹೊದಿಸಿದ. ಅಂಗಡಿಗೆ ಬಂದೋರಿಗೆಲ್ಲ ಬಾಯಿ ಮೇಲೆ ಬೆರಳಿಟ್ಟು ತೋರಿಸಿ ಮೆಲ್ಲಗೆ ಮಾತಾಡೋಕೆ ಹೇಳ್ತಿದ್ದ.

ಆ ವಾರ ನನಗೆ ಗಂಟಲು ಕೆಟ್ಟಿತ್ತು. ಅಲ್ಲಿನ ಪಾತ್ರೆ ಅಂಗಡಿಯ ಪ್ರಚಾರವನ್ನ ಅವನೇ ಮಾಡ್ಕೊಳ್ಳಲಿ ಅಂತ ಬಿಟ್ಟೆ. ಮಾರಾಯ ಅದನ್ನೂ ಪಿಸುಗುಟ್ಟಿಕೊಂಡೇ ರೆಕಾರ್ಡ್ ಮಾಡಿದ್ದಾನೆ. ಮಾರನೇ ದಿನ ಆಟೋ ಮೇಲಿನ ಹಾರ್ನಿಂದ ಅಜ್ಜಂಪುರದ ಬೀದಿಯೆಲ್ಲ ಪಿಸಪಿಸ. ‘ಸ್ಟೀಲ್ ಪಾತ್ರೆ ಬಂದಿದೆ... ಕುಕ್ಕರೂ ಇದೆ... ಬನ್ನಿ...’ ಕೇಳಿದ ಹೆಂಗಸರು ಇದೇನೋ ಗುಟ್ಟಿನ ವ್ಯಾಪಾರ, ಪಕ್ಕದ ಮನೆಯವಳಿಗೆ ಗೊತ್ತಾಗೋದ್ರೊಳಗೆ ಹೋಗ್ಬಿಡೋಣ ಅಂತ ಚೀಲ ಹಿಡ್ಕೊಂಡು ಓಡಿದ್ರು. ಸಂಜೆ ಹೊತ್ತಿಗೆ ಅಂಗಡಿಯ ಕುಕ್ಕರ್ ಖಾಲಿ.

ಇಷ್ಟು ವರ್ಷ ಗಂಟಲು ಹರ್ಕೊಂಡು ಕರೆದೋಳು ನಾನು, ಹೊಟ್ಟೆ ಉರೀದೆ ಇರುತ್ತಾ? ಮರುವಾರ ತರೀಕೆರೆಯ ಬಟ್ಟೆ ಅಂಗಡಿಯವರು ಬಂದ್ರು. ಅಜ್ಜಂಪುರದ್ದಕ್ಕಿಂತ ಇನ್ನೂ ಸಣ್ಣಗೆ ಬೇಕು, ಹಾರ್ನ್‌ಗೆ ಕಿವಿ ಕೊಟ್ಟರೂ ಕೇಳಬಾರದು ಅಂದ್ರು.

ತಕರಾರು ಅರ್ಜಿ

ನಮ್ಮನೆಯವರು ಪತ್ರ ಬರಹಗಾರರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆದೂ ಬರೆದೂ ಅವರಿಗೆ ಜಗತ್ತಿನಲ್ಲಿ ಖಾತೆ ಇಲ್ಲದ ವಸ್ತು ಇದೆ ಅನ್ನೋದೇ ಮರೆತುಹೋಗಿದೆ. ಸಾಫ್ಟ್‌ವೇರ್ ಮಾರಾಟ ಆಯ್ತು ಅಂದ ಕೂಡಲೇ, ಅದು ಯಾರ ಖಾತೆಯಲ್ಲಿತ್ತು ಅಂದ್ರು.

ಯಾರ ಖಾತೆಯಲ್ಲೂ ಇಲ್ಲ, ಗೋಮಾಳ ಇದ್ದ ಹಾಗೆ, ಎಲ್ಲರ ದನವೂ ಮೇಯಬಹುದು ಅಂತ ಹೇಳಿದೆ. ಗೋಮಾಳನ ಹೆಂಗೆ ಮಾರ್ತಾರೆ ಅಂದ್ರು. ಗೋಮಾಳ ಮಾರಿಲ್ಲ, ಅದರ ಮುಂದಿನ ಬೋರ್ಡು, ಗೇಟು, ಕಾಯೋ ಮನುಷ್ಯ, ಇಷ್ಟನ್ನ ಕೊಂಡಿದ್ದಾರೆ ಅಂದೆ. ಅವರು ತಲೆ ಆಡಿಸಿ, ಹಂಗಾದ್ರೆ ನಾಳೆ ಬೇಲಿ ಬೀಳುತ್ತೆ ಅಂದ್ರು. ಆ ಮಾತು ನನ್ನ ಎದೆಗೆ ತಾಗಿತು. ನಾನೂ ಹೆದರಿದ್ದು ಅದಕ್ಕೇ.

ಜಮೀನು ಕೈ ಬದಲಾದಾಗ ತಕರಾರು ಇದ್ದೋರು ಹೇಳಿ ಅಂತ ನೋಟಿಸು ಅಂಟಿಸ್ತಾರಲ್ಲ, ನಮ್ಮನೆಯವರು ಅದೇ ರೀತಿ ಕಂಪನಿಗೆ ತಕರಾರು ಅರ್ಜಿ ಬರೆದೇಬಿಟ್ರು. ಅರ್ಜಿ ಅಂದ ಮೇಲೆ ಚಕ್ಕುಬಂದಿ ಬೇಡವೇ? ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ನಮ್ಮ ತಾಯಿಯವರ ಕುರ್ಚಿ, ಉತ್ತರಕ್ಕೆ ಯುಪಿಎಸ್ಸು, ದಕ್ಷಿಣಕ್ಕೆ ಅಡುಗೆಮನೆಗೆ ಹೋಗುವ ದಾರಿ, ಈ ಮಧ್ಯೆ ಇರುವ ಸಾಫ್ಟ್‌ವೇರು ನಮ್ಮ ಸ್ವಾಧೀನಾನುಭವದಲ್ಲಿರುತ್ತೆ, ನಮ್ಮನ್ನ ಕೇಳದೆ ಆದ ಮಾರಾಟವನ್ನ ನಾವು ಒಪ್ಪುವುದಿಲ್ಲ. ನನ್ನ ಕೈಲಿ ಇಂಗ್ಲಿಷ್ ಮಾಡಿಸಿ, ಕಂಪನಿಯ ವೆಬ್‌ಸೈಟಲ್ಲಿ ಹಾಕಿಸಿದ್ರು. ನಾನು ಹಾಕಿದ ಜಾಗ ಸಲಹೆಗಳ ಪೆಟ್ಟಿಗೆ ಅಂತ ಆಮೇಲೆ ಗೊತ್ತಾಯ್ತು.

ಕಳಿಸಿದ ತಕ್ಷಣ ಕಂಪ್ಯೂಟರೇ ಉತ್ತರ ಬರೆಯಿತು. ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ, ಇದನ್ನ ಪರಿಶೀಲಿಸ್ತೀವಿ, ನಮ್ಮ ಕುಟುಂಬಕ್ಕೆ ಸ್ವಾಗತ ಅಂತ. ಅಷ್ಟೇ ಅಲ್ಲ, ಯಾರೋ ಪುಣ್ಯಾತ್ಮರು ಆ ಸಲಹೆ ಬೇಕು ಅಂತ ಮತ ಬೇರೆ ಹಾಕಿದ್ರು. ಅಡುಗೆಮನೆ ದಾರಿ ಬೇಕು ಅಂದ್ರೋ, ಅತ್ತೆ ಕುರ್ಚಿ ಬೇಕು ಅಂದ್ರೋ, ಇವತ್ತಿಗೂ ತಿಳಿದಿಲ್ಲ. ನಮ್ಮನೆಯವರು ಉತ್ತರವನ್ನ ಮತ್ತೆ ಮತ್ತೆ ಓದಿಸಿದ್ರು. ಕಣ್ಣು ತುಂಬಿಬಂತು.

“ನನ್ನ ಜೀವಮಾನದಲ್ಲಿ ಕೊಟ್ಟ ಕೈ ತೆಗೆಯೋದ್ರೊಳಗೆ ಅರ್ಜಿಗೆ ಉತ್ತರ ಬಂದಿದ್ದು ಇದೇ ಮೊದ್ಲು ಕಣೇ. ಒಳ್ಳೇ ಜನ. ಇಟ್ಕೊಳ್ಳಲಿ ಬಿಡು.”

ಬೀರೂರಿನ ಮಹಾಸಭೆ

ಅಷ್ಟರಲ್ಲಿ ಹೊರದೇಶಗಳಲ್ಲಿ ಇನ್ನೊಂದು ಗಲಾಟೆ. ಹೊಸ ಯಜಮಾನರು ಬೇಡ ಅಂದ ಕೆಲವರು ಅದೇ ಸಾಫ್ಟ್‌ವೇರಿನ ಪ್ರತಿ ತಗೊಂಡು ಬೇರೆ ಹೋದ್ರು. ಇದರಲ್ಲಿ ತಪ್ಪೇನಿಲ್ಲ, ಓಪನ್ ಸೋರ್ಸಲ್ಲಿ ಅದಕ್ಕೆ ಹಕ್ಕಿದೆ. ನಮ್ಮ ಕಡೆ ಭಜನಾ ಮಂಡಳಿ ಒಡೆದಾಗ ಹಾಡು ಇಬ್ಬರಿಗೂ ಉಳಿಯುತ್ತೆ, ಜಗಳ ಆಗೋದು ಹಾರ್ಮೋನಿಯಂಗೆ ಮತ್ತೆ ಮಂಡಳಿಯ ಹೆಸರಿಗೆ. ಅಲ್ಲೂ ಹಾಗೇ ಆಯ್ತು. ಹೊಸದಕ್ಕೆ ಹೆಸರೇನು ಅಂತ ಕಿತ್ತಾಡಿ, ಬೇರೆ ಹೋದೋರಲ್ಲೂ ಮತ್ತೆ ಎರಡು ಬಣ ಆಯ್ತು.

ಅದನ್ನ ಓದಿದ ಅಜ್ಜಂಪುರದವನು, ಅಕ್ಕಾ, ನಾವೂ ಬೇರೆ ಹೋಗೋಣ ಅಂದ. ಮೂರೂ ಊರಿನ ಮೈಕ್‌ನವರು, ಸ್ಟುಡಿಯೋದವರು ಸೇರಿ ಬೀರೂರಲ್ಲಿ ಸಭೆ ಅಂತ ಆಯ್ತು. ಬೀರೂರು ಯಾಕೆ ಅಂದ್ರೆ ಕಡೂರಲ್ಲಿ ಮಾಡಿದ್ರೆ ತರೀಕೆರೆಯವರು ಬರಲ್ಲ, ತರೀಕೆರೆಯಲ್ಲಿ ಮಾಡಿದ್ರೆ ಅಜ್ಜಂಪುರದವರು ಬರಲ್ಲ. ಒಂದು ಹೋಟೆಲಿನ ಮೇಲ್ಮಹಡಿ ಸಿಕ್ಕಿತು.

ಇಡ್ಲಿ ಬರೋ ಮೊದಲೇ ಹೊಸ ಸಾಫ್ಟ್‌ವೇರಿನ ಹೆಸರಿಗೆ ಜಗಳ ಶುರುವಾಯ್ತು. ಕಡೂರಿನವರು ಕಡೂರು ಅಂತ ಬರಲಿ ಅಂದ್ರು, ತಾಲ್ಲೂಕು ದೊಡ್ಡದು ಅಂತ. ತರೀಕೆರೆಯವರು ಹೆಸರಲ್ಲೇ ಕೆರೆ ಇದೆ, ನೀರಿನ ಹಾಗೆ ಹರಿಯುತ್ತೆ ಅಂದ್ರು. ಅಜ್ಜಂಪುರದವನು ನಮ್ಮದೂ ಈಗ ತಾಲ್ಲೂಕೇ, ಇನ್ನೂ ಎಷ್ಟು ದಿನ ತರೀಕೆರೆಯವರ ಹಿಂದೆ ನಿಲ್ಲೋದು ಅಂದ. ಕಾಫಿ ಬರೋ ಹೊತ್ತಿಗೆ ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ಗೌರವ ಸಲಹೆಗಾರರು ಎಲ್ಲ ಆಯ್ಕೆಯಾಗಿದ್ರು. ಹೆಂಗಸರ ಪ್ರಾತಿನಿಧ್ಯ ಅಂತ ನನ್ನನ್ನ ಪ್ರಾರ್ಥನೆಗೆ ಹಾಕಿದ್ರು.

ಎಲ್ಲ ಸರಿ, ಈ ಸಾಫ್ಟ್‌ವೇರನ್ನ ಇನ್ನು ಮುಂದೆ ಕೂತು ಬರೆಯೋರು ಯಾರು ಅಂತ ನಾನು ಕೇಳಿದೆ. ಸಭೆಗೆ ಸಭೆಯೇ ಫ್ಯಾನ್ ನೋಡೋಕೆ ಶುರು ಮಾಡಿತು. ಕೊನೆಗೆ ಅಧ್ಯಕ್ಷರು ಎದ್ದು ನಿಂತು, ಅದು ಸಣ್ಣ ವಿಷಯ, ಉಪಸಮಿತಿಗೆ ಬಿಡೋಣ ಅಂದ್ರು.

ಶುಕ್ರವಾರ ಸಂಜೆ

ನಗೋದೆಲ್ಲ ನಕ್ಕೆವು. ನಿಜವಾದ ಪೆಟ್ಟು ಬಿದ್ದದ್ದು ಹೊಸ ಆವೃತ್ತಿಯ ಮಾದರಿ ಬಂದಾಗ.

ಅತ್ತೆ ಅದನ್ನ ತೆರೆದು ಒಂದೊಂದೇ ಪಟ್ಟಿ ಇಳಿಸಿ ನೋಡಿದ್ರು. ಒಗ್ಗರಣೆ ಇಲ್ಲ. ಹದ ಇಲ್ಲ. ಗಲಾಟೆ ತೆಗಿ ಇಲ್ಲ. ಎಲ್ಲ ಕಡೆ ಇಂಗ್ಲಿಷ್. ನಾನಾಡಿದ್ದನ್ನೆಲ್ಲ ಎತ್ತಿ ಬೀದಿಗೆ ಹಾಕವ್ರೆ ಅಂದ್ರು, ಅಂದು ಎದ್ದು ಒಳಗೆ ಹೋದ್ರು. ನನಗೆ ಅಳು ಬಂದುಬಿಟ್ಟಿತು. ಹಳೆಯದನ್ನ ಇಟ್ಕೊಂಡು ಸ್ವಲ್ಪ ಕಾಲ ದೂಡಬಹುದಿತ್ತು, ಆದರೆ ಈ ಮುದಿ ಕಂಪ್ಯೂಟರು ಕೈ ಕೊಟ್ಟ ದಿನ ಹಳೆಯದೂ ಅದರ ಜೊತೆ ಹೋಗುತ್ತೆ. ಆಮೇಲೆ ಅತ್ತೆ ಮತ್ತೆ ಸೊಪ್ಪಿನ ಮುಂದೆ.

ಯಾಕೆ ಹೀಗೆ ಅಂತ ಕಂಪನಿಗೆ ಬರೆದೆ. ಉತ್ತರ ಬಂತು. ಪದ ಕೊಟ್ಟವರೆಲ್ಲ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಸಹಿ ಹಾಕಿದ್ರೆ ಆ ಮಾತುಗಳನ್ನ ಕಂಪನಿ ಹೇಗೆ ಬೇಕಾದರೂ ಬಳಸಬಹುದು, ನಾಳೆ ದುಡ್ಡಿಗೆ ಮಾರೋ ಬೇರೆ ಸಾಫ್ಟ್‌ವೇರಿಗೂ ಹಾಕಬಹುದು, ಇಲ್ಲಿಂದ ತೆಗೆಯಲೂಬಹುದು. ಸಹಿ ಹಾಕದಿದ್ರೆ ಈಗಲೇ ತೆಗೀತಾರೆ. ಹಾಕಿದ್ರೆ ಬೇಲಿ, ಹಾಕದಿದ್ರೆ ಬೀದಿ. ಅತ್ತೆಗೆ ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದೆ. ಅವರು ಹೂಂ ಅಂದ್ರು, ಹಾಕ್ತೀನಿ ಅಂತಲೂ ಅನ್ನಲಿಲ್ಲ, ಹಾಕಲ್ಲ ಅಂತಲೂ ಅನ್ನಲಿಲ್ಲ.

ಕಂಪನಿಯ ಕಡೆಯಿಂದ ಒಬ್ಬಳು ಹುಡುಗಿ ವಿಡಿಯೋದಲ್ಲಿ ಮಾತಾಡ್ತೀನಿ ಅಂದಳು. ಅವಳಿಗೆ ಬೆಳಿಗ್ಗೆ ಆಫೀಸು ತೆಗೆಯೋ ಹೊತ್ತು ನಮಗೆ ದೀಪ ಹಚ್ಚೋ ಹೊತ್ತು. ಅವಳ ಇಂಗ್ಲಿಷು, ಅತ್ತೆಯ ಕನ್ನಡ, ಮಧ್ಯೆ ನಾನು. ಹುಡುಗಿ ತುಂಬ ವಿನಯವಾಗಿ, ನಿಮ್ಮ ಮಾತುಗಳನ್ನ ನಮಗೆ ಕೊಡ್ತೀರಾ ಅಂತ ಕೇಳಿದಳು. ಅವತ್ತು ಶುಕ್ರವಾರ. ಅತ್ತೆ ದೇವರ ಕೋಣೆ ಕಡೆ ನೋಡಿದ್ರು.

“ದೀಪ ಹಚ್ಚಿದ್ಮೇಲೆ ಮನೆಯಿಂದ ಏನೂ ಕೊಡಲ್ಲ ಅಂತ ಹೇಳವ್ವ. ಅದ್ರಲ್ಲೂ ಶುಕ್ರವಾರ.”

ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಿದ್ರೂ ಆ ಹೊತ್ತಲ್ಲಿ ಅತ್ತೆ ಕೊಡೋರಲ್ಲ, ಅದು ನನಗೆ ಗೊತ್ತು. ಆದರೆ ಲಕ್ಷ್ಮಿ ಮನೆಗೆ ಬರೋ ಹೊತ್ತನ್ನ ಇಂಗ್ಲಿಷಿಗೆ ಹೇಗೆ ತರೋದು? ಇವತ್ತು ಕೊಡೋಕಾಗಲ್ಲ ಅಂತಿದ್ದಾರೆ, ಇದು ನಮ್ಮ ಮನೆಯ ನಿಯಮ ಅಂತ ಹೇಳಿ ಮುಗಿಸಿದೆ. ಹುಡುಗಿಯ ಮುಖ ಗಂಭೀರವಾಯ್ತು. ಅರ್ಥವಾಯ್ತು, ಮೇಲಿನವರನ್ನ ಕೇಳಿ ಹೇಳ್ತೀನಿ ಅಂದಳು.

ಮತ್ತೆ ಕರೆದಾಗ ಮಂಗಳವಾರ, ಅದೇ ಹೊತ್ತು. ನಿಮ್ಮ ಆಕ್ಷೇಪ ನಾವು ಪರಿಗಣಿಸಿದ್ದೀವಿ, ದುಡ್ಡಿಗೆ ಮಾರೋ ಯಾವುದಕ್ಕೂ ಈ ಮಾತುಗಳನ್ನ ಹಾಕಲ್ಲ ಅಂದಳು. ನನಗೆ ಕುರ್ಚಿಯಿಂದ ಏಳೋ ಹಾಗಾಯ್ತು. ಅತ್ತೆಗೆ ಹೇಳಿದೆ. ಅವರು, ಒಳ್ಳೇದು, ಆದ್ರೆ ಮಂಗಳವಾರ ಕೊಡಲ್ಲ ಅಂತ ಹೇಳು ಅಂದ್ರು. ಇವತ್ತೂ ಆಗಲ್ಲವಂತೆ ಅಂತಷ್ಟೇ ಹೇಳಿದೆ. ಹುಡುಗಿ ಏನೋ ಬರ್ಕೊಂಡಳು.

ಮೂರನೇ ಸಲ ಅವಳ ಜೊತೆ ಅವಳ ಸಾಹೇಬ, ಸಾಹೇಬನ ಪಕ್ಕ ವಕೀಲ. ಇಬ್ಬರೂ ನೀಟಾಗಿ ಕೋಟು ಹಾಕ್ಕೊಂಡು ಕೂತಿದ್ರು. ಈ ಕಡೆ ಅತ್ತೆ ಸೆರಗು ಸರಿಮಾಡ್ಕೊಂಡು ಕೂತಿದ್ರು. ಸಾಹೇಬ ಉದ್ದಕ್ಕೆ ಮಾತಾಡಿ, ಈ ಮಾತುಗಳನ್ನ ಎಂದಿಗೂ ತೆಗೆಯಲ್ಲ ಅಂತ ಬರೆದು ಕೊಡ್ತೀವಿ ಅಂದ. ಅತ್ತೆ ಎದ್ದು ಹೋಗಿ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರ್ ತಂದು, ಕನ್ನಡಕ ಏರಿಸಿ, ಹಾಳೆ ತಿರುಗಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದೋಕೆ ಶುರು ಮಾಡಿದ್ರು. ಆ ಕಡೆ ಮೂವರೂ ಉಸಿರು ಹಿಡಿದು ನೋಡ್ತಿದ್ರು. ಅದೇನು ದಾಖಲೆ ಅಂತ ವಕೀಲ ಕೇಳಿದ. ಏನನ್ನಾದ್ರೂ ಕೊಡೋ ಮೊದಲು ನಮ್ಮ ಕಡೆ ಇದನ್ನ ನೋಡಲೇಬೇಕು ಅಂದೆ. ಸುಳ್ಳೇನಲ್ಲವಲ್ಲ. ಅತ್ತೆ ಕನ್ನಡಕ ತೆಗೆದು ತಲೆ ಅಲ್ಲಾಡಿಸಿದ್ರು. ಅವತ್ತು ಅಮಾವಾಸ್ಯೆ.

ವಕೀಲ ಸಾಹೇಬನ ಕಿವಿಯಲ್ಲಿ ಏನೋ ಹೇಳಿದ. ದನಿ ಆಫ್ ಮಾಡಿ ಬಹಳ ಹೊತ್ತು ಬಾಯಿ ಬಾಯಿ ಆಡಿಸಿದ್ರು. ಹೊಸ ಆವೃತ್ತಿ ಬಿಡೋ ದಿನ ಹತ್ತಿರ ಬಂದಿತ್ತಂತೆ, ಆಮೇಲೆ ಹುಡುಗಿ ಹೇಳಿದಳು. ದನಿ ವಾಪಸು ಬಂದಾಗ ಸಾಹೇಬ ಸೋತ ಮುಖದಲ್ಲಿ, ಒಪ್ಪಂದವೇ ಬೇಡ, ಸಹಿಯೂ ಬೇಡ ಅಂದ. ಮಾತುಗಳು ಮೊದಲಿನ ಹಾಗೇ ಎಲ್ಲರಿಗೂ ಸೇರಿದ್ದಾಗಿ, ಮೊದಲಿನ ಜಾಗದಲ್ಲೇ ಇರುತ್ತವೆ. ಇಷ್ಟು ಗಟ್ಟಿ ಹೆಂಗಸನ್ನ ನಾನು ನೋಡಿಲ್ಲ ಅಂತ ಅತ್ತೆಗೆ ಕೈ ಮುಗಿದ.

ಕರೆ ಮುಗಿದ ಮೇಲೆ ಅತ್ತೆಗೆ ವಿಷಯ ಹೇಳೋಕೆ ಹೋದ್ರೆ, ಅಮಾವಾಸ್ಯೆ, ಪಾಡ್ಯ ಎರಡೂ ಕಳೀಲಿ, ಅಲ್ಲೀವರೆಗೆ ವ್ಯವಹಾರದ ಮಾತು ಬೇಡ ಅಂತ ನನ್ನ ಬಾಯಿ ಮುಚ್ಚಿಸಿದ್ರು. ಆಮೇಲೆ ಗುರುವಾರ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅತ್ತೆ ತಲೆಗೆ ನೀರು ಹಾಕ್ಕೊಂಡು, ಹೊಸ ಸೀರೆ ಉಟ್ಟು, ಪೆನ್ನಿಗೆ ಕುಂಕುಮ ಹಚ್ಚಿ ಕಂಪ್ಯೂಟರ್ ಮುಂದೆ ಕೂತಿದ್ರು. ಅಷ್ಟರಲ್ಲಿ ಬಂದಿದ್ದ ಹೊಸ ಆವೃತ್ತಿ ತೆರೆದು ತೋರಿಸಿದೆ. ಒಗ್ಗರಣೆ ಇತ್ತು, ಹದ ಇತ್ತು, ತಪ್ಪಾಯ್ತು ಕೂಡ ಇತ್ತು. ನಡೆದದ್ದೆಲ್ಲ ಹೇಳಿ, ಸಹಿ ಬೇಡವಂತೆ ಅತ್ತೆ, ನೀವು ಗೆದ್ರಿ ಅಂತ ಅವರ ಕೈ ಹಿಡ್ಕೊಂಡೆ.

ಅತ್ತೆ ಮುಖ ಸಣ್ಣದಾಯ್ತು. ಕೈ ಬಿಡಿಸ್ಕೊಂಡು ಪೆನ್ನಿನ ಮುಚ್ಚಳ ಹಾಕಿದ್ರು.

“ದೊಡ್ಡ ಕಂಪನಿಯಂತೆ, ಒಂದು ಒಳ್ಳೇ ಹೊತ್ತು ಬರೋಗಂಟ ಕಾಯೋ ತಾಳ್ಮೆ ಇಲ್ಲ ನೋಡು. ಇವತ್ತು ಬೆಳಿಗ್ಗೆ ಕೇಳಿದ್ರೆ ಅವ್ರು ಕೇಳಿದ್ದೆಲ್ಲ ಬರ್ಕೊಟ್ಬಿಡ್ತಿದ್ದೆ ಕಣೇ.”